ನಮ್ಮ ಮೈಯ ನಕ್ಷೆಯಲ್ಲಿ ನಾವೆಲ್ಲಿ?

(ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಭೆಗಳಲ್ಲಿ ಗಡಿ, ನದಿ, ನೌಕರಿ, ನಾಮಫಲಕಗಳ ಮಾತು ಬರುವುದು ವಾಡಿಕೆ. ಅವೆಲ್ಲ ಬೇಕು. ಇಂದು ನಾನು ಹೇಳಲು ಹೊರಟಿರುವುದು ಇನ್ನೊಂದು ನೆಲದ ವಿಷಯ. ಅದು ನಮ್ಮ ಮೈಯೊಳಗಿನ ನೆಲ. ಆ ನೆಲಕ್ಕೂ ಈಗ ನಕ್ಷೆ ಬಂದಿದೆ. ಮನುಷ್ಯನ ಯಾವ ಜೀನು ಯಾವ ಅಂಗದಲ್ಲಿ ಎಷ್ಟು ದುಡಿಯುತ್ತದೆ ಎಂದು ತೋರಿಸುವ ನಕ್ಷೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಅದನ್ನು ಬಿಚ್ಚಿ ನೋಡಬಹುದು. ಬಿಡಿಗಾಸು ಕೊಡಬೇಕಿಲ್ಲ. ಆದರೆ ಆ ನಕ್ಷೆಯಲ್ಲಿ ನಮ್ಮವರನ್ನು ದೀಪ ಹಿಡಿದು ಹುಡುಕಬೇಕು. ಅದಕ್ಕೂ ಕನ್ನಡಕ್ಕೂ ಏನು ಸಂಬಂಧ ಎನ್ನುತ್ತೀರಾ? ಅದನ್ನೇ ಹೇಳಲು ಬಂದಿದ್ದೇನೆ.

ನಾನು ಡಾಕ್ಟರನಲ್ಲ, ವಿಜ್ಞಾನಿಯೂ ಅಲ್ಲ. ಪಿಯುಸಿ ಓದಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಹಾಗಾಗಿ ಪ್ರೆಸ್ಸಿನ ಮಾತಿನಲ್ಲೇ ಹೇಳುತ್ತೇನೆ.

ಪುಸ್ತಕ ಒಂದೇ, ಅಚ್ಚಾಗುವ ಪುಟ ಬೇರೆ

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಪುಸ್ತಕ. ಅದರಲ್ಲಿ ಪ್ರೋಟೀನು ತಯಾರಿಸುವ ವಿಧಾನ ಬರೆದ ಪುಟಗಳು ಸುಮಾರು 20,000. ಒಂದೊಂದು ಪುಟವೂ ಒಂದೊಂದು ಜೀನು ಎಂದುಕೊಳ್ಳಿ. ಕಣ್ಣಿನ ಕೋಶದಲ್ಲೂ ಅದೇ ಪುಸ್ತಕ, ಕರುಳಿನ ಕೋಶದಲ್ಲೂ ಅದೇ ಪುಸ್ತಕ. ಹಾಗಾದರೆ ಕಣ್ಣು ಕಣ್ಣಾಗಿ, ಕರುಳು ಕರುಳಾಗಿ ಇರುವುದು ಹೇಗೆ?

ಪುಸ್ತಕ ಒಂದೇ ಆದರೂ ಒಂದೊಂದು ಕೋಶ ಅಚ್ಚು ಹಾಕುವ ಪುಟಗಳು ಬೇರೆ. ಇನ್ಸುಲಿನ್ ಪುಟವನ್ನು ಮೇದೋಜೀರಕ ಗ್ರಂಥಿಯ ಕೆಲವು ಕೋಶಗಳು ರಾಶಿ ರಾಶಿಯಾಗಿ ಅಚ್ಚು ಹಾಕುತ್ತವೆ. ಯಕೃತ್ತಿನಲ್ಲಿ ಆ ಪುಟ ಮಡಚಿಯೇ ಇರುತ್ತದೆ. ಹೀಗೆ ಅಚ್ಚಾಗಿ ಬಂದ ಪ್ರತಿಗೆ ಆರ್‌ಎನ್‌ಎ ಎಂದು ಹೆಸರು. ಆ ಪ್ರತಿಯನ್ನು ನೋಡಿಕೊಂಡು ಕೋಶ ಪ್ರೋಟೀನು ತಯಾರಿಸುತ್ತದೆ. ಒಂದು ಅಂಗದಲ್ಲಿ ಯಾವ ಪುಟದ ಎಷ್ಟು ಪ್ರತಿಗಳಿವೆ ಎಂದು ಎಣಿಸಿದರೆ ಆ ಅಂಗದ ಗುಟ್ಟು ತಿಳಿದ ಹಾಗೆ. ಇಂಗ್ಲಿಷಿನವರು ಇದನ್ನು ಜೀನ್ ಎಕ್ಸ್‌ಪ್ರೆಷನ್ ಎನ್ನುತ್ತಾರೆ. ನಮ್ಮ ಪಠ್ಯದವರು ‘ಅಭಿವ್ಯಕ್ತಿ’ ಎಂದು ಅನುವಾದಿಸಿದ್ದಾರೆ. ಅದನ್ನು ಕೇಳಿದರೆ ಜೀನು ಎಲ್ಲೋ ಭಾಷಣ ಮಾಡುತ್ತಿದೆ ಅನ್ನಿಸುತ್ತದೆ! ನಾನು ‘ಜೀನಿನ ದುಡಿಮೆ’ ಎನ್ನುತ್ತೇನೆ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ಅದನ್ನೇ ಬಳಸಿ.

ಎಣಿಸಿದವರು ಯಾರು?

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2010ರಲ್ಲಿ ಜಿಟೆಕ್ಸ್ ಎಂಬ ಯೋಜನೆ ಶುರು ಮಾಡಿತು. ತೀರಿಕೊಂಡವರ ಮನೆಯವರ ಒಪ್ಪಿಗೆ ಪಡೆದು, ಸಾವಾದ 24 ಗಂಟೆಯೊಳಗೆ ಅವರ ಅಂಗಗಳಿಂದ ಸಣ್ಣ ಸಣ್ಣ ಚೂರು ತೆಗೆದು, ಅದರಲ್ಲಿದ್ದ ಆರ್‌ಎನ್‌ಎ ಪ್ರತಿಗಳನ್ನು ಎಣಿಸಿದರು. ಅದರ ಎಂಟನೇ ಆವೃತ್ತಿಯಲ್ಲಿ 948 ದಾನಿಗಳು, 54 ಬಗೆಯ ಅಂಗಾಂಶ ಮತ್ತು ಕೋಶಗಳು, 17,382 ಮಾದರಿಗಳು. ಆ ಮನೆಯವರನ್ನು ನೆನೆಯಿರಿ. ಸಾವಿನ ಸೂತಕದಲ್ಲಿ ಕೂತವರು, ತಮಗೇನೂ ಸಿಗದ ಒಂದು ಕೆಲಸಕ್ಕೆ ‘ಆಗಲಿ’ ಎಂದಿದ್ದರಿಂದ ಈ ನಕ್ಷೆ ಹುಟ್ಟಿತು.

ನೋಡುವುದು ಹೇಗೆ? ಜೀನಿನ ಹೆಸರು ಟೈಪು ಮಾಡಿ. ಕೆಳಗೆ ಸಾಲಾಗಿ ಅಂಗಗಳ ಹೆಸರು, ಮೇಲೆ ಒಂದೊಂದಕ್ಕೂ ಒಂದೊಂದು ಬಣ್ಣದ ಗೆರೆ. ಗೆರೆ ಎತ್ತರಕ್ಕಿದ್ದರೆ ದುಡಿಮೆ ಹೆಚ್ಚು, ನೆಲಕ್ಕಂಟಿದ್ದರೆ ಇಲ್ಲವೆನ್ನುವಷ್ಟು ಕಡಿಮೆ. ಅಳತೆ ಏನೆಂದರೆ, ಆ ಅಂಗದಲ್ಲಿ ಅಚ್ಚಾದ ಪ್ರತಿ 10 ಲಕ್ಷ ಹಾಳೆಗಳಲ್ಲಿ ಈ ಪುಟದ್ದು ಎಷ್ಟು ಎಂಬುದು. ರಕ್ತದ ಹಿಮೋಗ್ಲೋಬಿನ್ನಿಗೆ ಬೇಕಾದ ಎಚ್‌ಬಿಬಿ ಎಂಬ ಜೀನನ್ನು ಹಾಕಿ ನೋಡಿ. ರಕ್ತದ ಜಾಗದಲ್ಲಿ ಗೋಪುರವೇ ಎದ್ದು ನಿಲ್ಲುತ್ತದೆ.

ಅಲ್ಲೇ ಎಚ್ಚರವೂ ಬೇಕು. ಶ್ವಾಸಕೋಶದಲ್ಲೂ ಎಚ್‌ಬಿಬಿ ಸ್ವಲ್ಪ ಕಾಣುತ್ತದೆ. ಹಾಗೆಂದು ಶ್ವಾಸಕೋಶ ಹಿಮೋಗ್ಲೋಬಿನ್ ತಯಾರಿಸುತ್ತದೆ ಎಂದು ಕೂಗಿಬಿಡಬೇಡಿ. ಆ ಚೂರಿನೊಳಗೆ ಉಳಿದಿದ್ದ ರಕ್ತದ ಗುರುತು ಅದು. ನಕ್ಷೆ ಸುಳ್ಳು ಹೇಳುವುದಿಲ್ಲ, ಆದರೆ ಓದುವವನಿಗೆ ವಿವೇಕ ಬೇಕು.

ಇದೊಂದೇ ಅಲ್ಲ. ಸ್ವೀಡನ್ನಿನಲ್ಲಿ 2003ರಲ್ಲಿ ಶುರುವಾದ ಹ್ಯೂಮನ್ ಪ್ರೋಟೀನ್ ಅಟ್ಲಾಸ್ ಇದೆ. ಯಾವ ಪ್ರೋಟೀನು ಯಾವ ಅಂಗಾಂಶದಲ್ಲಿದೆ ಎಂದು ಬಣ್ಣ ಹಾಕಿ ತೆಗೆದ ಚಿತ್ರಗಳ ಭಂಡಾರ ಅದು. ಆ ಲಕ್ಷಾಂತರ ಚಿತ್ರಗಳನ್ನು ಕಣ್ಣಿಟ್ಟು ನೋಡಿ ಗುರುತು ಹಾಕುವ ಕೆಲಸದಲ್ಲಿ ಮುಂಬಯಿಯ ರೋಗಶಾಸ್ತ್ರ ತಜ್ಞರ ಪಾಲು ದೊಡ್ಡದು. ಇಂಗ್ಲೆಂಡಿನ ಹಿಂಕ್ಸ್‌ಟನ್ನಿನಲ್ಲಿ ಎಕ್ಸ್‌ಪ್ರೆಷನ್ ಅಟ್ಲಾಸ್ ಇದೆ. ಇವೆಲ್ಲವೂ ಉಚಿತ.

ಬೀದಿಯ ರದ್ದಿ, ಒಂದೊಂದು ಪ್ರೆಸ್ಸಿನ ಲೆಕ್ಕ

ಚಾಮರಾಜಪೇಟೆಯ ಒಂದು ಬೀದಿಯಲ್ಲಿ 100 ಪ್ರೆಸ್ಸುಗಳಿವೆ ಎಂದುಕೊಳ್ಳಿ. ಸಂಜೆ ಆ ಬೀದಿಯ ರದ್ದಿಯನ್ನೆಲ್ಲ ಒಟ್ಟುಮಾಡಿ ಎಣಿಸಿದರೆ ಏನು ತಿಳಿಯುತ್ತದೆ? ಬೀದಿಯ ಸರಾಸರಿ. 99 ಪ್ರೆಸ್ಸುಗಳು ಮದುವೆ ಪತ್ರಿಕೆ ಹಾಕಿ, ಒಂದೇ ಒಂದು ಪ್ರೆಸ್ಸು ಕವನ ಸಂಕಲನ ಹಾಕಿದ್ದರೆ ಆ ಸಂಕಲನ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಅಂಗದ ಚೂರನ್ನು ಅರೆದು ಎಣಿಸುವುದೂ ಹೀಗೆಯೇ. ಅದಕ್ಕೇ ಒಂದೊಂದು ಪ್ರೆಸ್ಸಿನ ಬಾಗಿಲು ಬಡಿದು ನೋಡುವ, ಅಂದರೆ ಒಂದೊಂದೇ ಕೋಶವನ್ನು ಬಿಡಿಸಿ ಎಣಿಸುವ ವಿದ್ಯೆ ಬಂತು. ಮನುಷ್ಯನ ಕೋಶಗಳನ್ನೆಲ್ಲ ಹೀಗೆ ಪಟ್ಟಿ ಮಾಡಲು 2016ರಲ್ಲಿ ಹ್ಯೂಮನ್ ಸೆಲ್ ಅಟ್ಲಾಸ್ ಎಂಬ ಅಂತರರಾಷ್ಟ್ರೀಯ ಕೂಟ ಕಟ್ಟಿಕೊಂಡರು.

ಇದರ ಫಲ ನೋಡಿ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಉಸಿರಿನ ಕಾಯಿಲೆಗೆ ಕಾರಣವಾದ ಜೀನು ಯಾವುದೆಂದು 1989ರಲ್ಲೇ ಗೊತ್ತಾಗಿತ್ತು. ಉಸಿರ್ನಾಳದಲ್ಲಿ ಆ ಜೀನು ಅತಿ ಹೆಚ್ಚು ದುಡಿಯುವುದು ಅಯನೊಸೈಟ್ ಎಂಬ ಅಪರೂಪದ ಕೋಶದಲ್ಲಿ ಎಂದು ತಿಳಿದದ್ದು 2018ರಲ್ಲಿ. ನೂರಕ್ಕೆ ಒಂದರಷ್ಟು ಇರುವ ಆ ಕೋಶಗಳು ಅಲ್ಲಿಯವರೆಗೆ ರದ್ದಿಯ ರಾಶಿಯಲ್ಲಿ ಅಡಗಿದ್ದವು!

ಬೆಟ್ಟದ ಮಗುವಿಗೆ ಏನು ಬಂತು?

ಇದೆಲ್ಲ ದೊಡ್ಡವರ ಆಟ, ನಮಗೇನು ಎನ್ನುವವರಿಗೆ ಬಿಳಿಗಿರಿರಂಗನ ಬೆಟ್ಟ ತೋರಿಸುತ್ತೇನೆ. ಅಲ್ಲಿನ ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ ಇದೆ. ನಾನು ಆಗಲೇ ಹೇಳಿದ ಎಚ್‌ಬಿಬಿ ಪುಟದಲ್ಲಿ ಒಂದೇ ಒಂದು ಅಕ್ಷರದ ಅಚ್ಚಿನ ತಪ್ಪು. ಅಷ್ಟಕ್ಕೇ ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ನರನಾಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಮಗು ನೋವಿನಿಂದ ಒದ್ದಾಡುತ್ತದೆ. ಈ ಕಾಯಿಲೆಯನ್ನು ತೊಲಗಿಸಲು 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ತಾಯಿಯ ಹೊಟ್ಟೆಯಲ್ಲಿದ್ದಾಗ ಈ ಮಗುವಿಗೆ ತೊಂದರೆ ಇರಲಿಲ್ಲ. ಆಗ ಬೇರೆ ಪುಟದಿಂದ ಅಚ್ಚಾದ ಭ್ರೂಣದ ಹಿಮೋಗ್ಲೋಬಿನ್ ಕೆಲಸ ಮಾಡುತ್ತಿತ್ತು. ಹುಟ್ಟಿದ ಮೇಲೆ ಆ ಪುಟವನ್ನು ಮುಚ್ಚಿಸುವ ಮೇಸ್ತ್ರಿ ಒಬ್ಬನಿದ್ದಾನೆ. ಅವನ ಹೆಸರು ಬಿಸಿಎಲ್11ಎ. ಮೇಸ್ತ್ರಿಯನ್ನು ಸುಮ್ಮನಾಗಿಸಿದರೆ ಹಳೆಯ ಒಳ್ಳೆಯ ಪುಟ ಮತ್ತೆ ಅಚ್ಚಾಗುತ್ತದಲ್ಲ! ಸರಿ, ಅವನನ್ನೇ ಕಿತ್ತುಹಾಕೋಣವೇ?

ಇಲ್ಲಿ ನಕ್ಷೆಯ ಬೆಲೆ ತಿಳಿಯುತ್ತದೆ. ಬಿಸಿಎಲ್11ಎ ಎಂದು ಟೈಪು ಮಾಡಿ. ಅವನು ಮಿದುಳಿನಲ್ಲೂ ದುಡಿಯುತ್ತಾನೆ, ರೋಗ ತಡೆಯುವ ರಕ್ತಕೋಶಗಳಲ್ಲೂ ದುಡಿಯುತ್ತಾನೆ. ಜೀನನ್ನೇ ಕಿತ್ತರೆ ಬೇರೆ ಕಡೆಯ ಕೆಲಸವೂ ಕೆಡುತ್ತದೆ. ಅದಕ್ಕೇ ವಿಜ್ಞಾನಿಗಳು ರಕ್ತದ ಮೂಲಕೋಶಗಳನ್ನು ಮೈಯಿಂದ ಹೊರತೆಗೆದು, ಕೆಂಪು ಕಣವಾಗುವ ಕೋಶದಲ್ಲಿ ಮಾತ್ರ ಅವನನ್ನು ಎಬ್ಬಿಸುವ ಒಂದು ಗುಂಡಿ ಇದೆಯಲ್ಲ, ಅದನ್ನಷ್ಟೇ ಕತ್ತರಿಸಿ ಮತ್ತೆ ಮೈಗೆ ಸೇರಿಸಿದರು. ಆ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಹೆಸರು ಕ್ಯಾಸ್‌ಜೆವಿ. ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರು, ಅಂದರೆ 18 ಕೋಟಿ ರೂಪಾಯಿಗೂ ಮೇಲೆ! ಬೆಟ್ಟದ ಮಗುವಿಗೆ ಅದು ಇಂದು ಎಟುಕುವ ಹಣ್ಣಲ್ಲ. ಆದರೆ ‘ಈ ಜೀನು ಬೇರೆ ಎಲ್ಲೆಲ್ಲಿ ದುಡಿಯುತ್ತದೆ’ ಎಂಬ ಒಂದು ಪ್ರಶ್ನೆ ಔಷಧಿಯನ್ನು ವಿಷವಾಗದಂತೆ ಕಾಯುತ್ತದೆ ಎಂಬುದನ್ನು ಮರೆಯಬೇಡಿ.

ನಕ್ಷೆಯಲ್ಲಿ ಯಾರ ಮೈ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಜಿಟೆಕ್ಸಿನ ದಾನಿಗಳಲ್ಲಿ ನೂರಕ್ಕೆ ಸುಮಾರು 85 ಮಂದಿ ಬಿಳಿಯರು. ಕರಿಯರು 13ರಷ್ಟು. ಏಷ್ಯಾ ಮೂಲದವರೆಲ್ಲ ಸೇರಿ ಒಂದು ಚಿಲ್ಲರೆ. ಅಮೆರಿಕದಲ್ಲಿ ಸಂಗ್ರಹಿಸಿದರು, ಅಲ್ಲಿನವರೇ ಸಿಕ್ಕರು. ಅದರಲ್ಲಿ ಸಂಚೇನೂ ಇಲ್ಲ. ಆದರೆ ಪರಿಣಾಮ ಇದೆ. ಪುಸ್ತಕದ ಅಂಚಿನಲ್ಲಿ ‘ಇಷ್ಟು ಪ್ರತಿ ಹಾಕು’ ಎಂದು ಬರೆದಿರುತ್ತದೆ. ಆ ಅಂಚಿನ ಬರಹದಲ್ಲಿ ಜನರಿಂದ ಜನಕ್ಕೆ ಅಕ್ಷರ ವ್ಯತ್ಯಾಸಗಳಿವೆ. ಯಾವ ವ್ಯತ್ಯಾಸದಿಂದ ಎಷ್ಟು ಪ್ರತಿ ಹೆಚ್ಚುತ್ತದೆ, ಎಷ್ಟು ಇಳಿಯುತ್ತದೆ ಎಂದು ಹುಡುಕುವುದೇ ಜಿಟೆಕ್ಸಿನ ದೊಡ್ಡ ಕೆಲಸ. ನಮ್ಮಲ್ಲಿದ್ದು ಅವರಲ್ಲಿಲ್ಲದ ವ್ಯತ್ಯಾಸ ಆ ನಕ್ಷೆಗೆ ಕಾಣುವುದೇ ಇಲ್ಲ.

ಇನ್ನೊಂದು ಕೇಳಿ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದಲ್ಲಿ ಅಲ್ಲಿನ ಬಡ ದಲಿತ ಕೂಲಿಗಳ ಮನೆಗಳಲ್ಲಿ ಕೀಲು, ಸೊಂಟ ಹಿಡಿದು ಜನ ತೆವಳುವಂತಾದರು. ಮೊದಲು ಗದ್ದೆಯ ಕೀಟನಾಶಕ, ಏಡಿ ತಿಂದದ್ದು ಎಂದೆಲ್ಲ ಅನುಮಾನ ಬಂತು. ಆಮೇಲೆ ತಲೆಮಾರಿನಿಂದ ತಲೆಮಾರಿಗೆ ಬರುವ ಕಾಯಿಲೆ ಎಂದು ತಜ್ಞರು ಹೇಳಿದರು. ಇಂಥ ಕಾಯಿಲೆಯಲ್ಲಿ ಒಂದು ಜೀನಿನ ಮೇಲೆ ಅನುಮಾನ ಬಂದರೆ ಕೇಳಬೇಕಾದ ಮೊದಲ ಪ್ರಶ್ನೆ, ಅದು ಮೂಳೆಯಲ್ಲಿ, ಕೀಲಿನ ಮೃದ್ವಸ್ಥಿಯಲ್ಲಿ ದುಡಿಯುತ್ತದೆಯೇ ಎಂದು. ಜಿಟೆಕ್ಸಿನ 54ರ ಪಟ್ಟಿ ತೆರೆದು ನೋಡಿ. ಮೂಳೆ ಇಲ್ಲ. ಮೃದ್ವಸ್ಥಿ ಇಲ್ಲ. ನಕ್ಷೆಯಲ್ಲಿ ಬಿಟ್ಟುಹೋದ ಅಂಗದ ನೋವು ನಕ್ಷೆಗೆ ಗೊತ್ತಾಗದು.

ಹಾಗೆಂದು ನಮ್ಮ ಊರು ಕೈಕಟ್ಟಿ ಕುಳಿತಿಲ್ಲ. 2014ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮನುಷ್ಯನ ಪ್ರೋಟೀನುಗಳ ಕರಡು ನಕ್ಷೆ ಪ್ರಕಟವಾಯಿತು. ಅದನ್ನು ಮಾಡಿದವರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೊತೆ ನಮ್ಮ ಬೆಂಗಳೂರು ವೈಟ್‌ಫೀಲ್ಡಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಇತ್ತು. ನೇತೃತ್ವ ಅಖಿಲೇಶ್ ಪಾಂಡೆ ಅವರದು. 30 ಬಗೆಯ ಅಂಗಾಂಶ ಮತ್ತು ಕೋಶಗಳನ್ನು ಪರೀಕ್ಷಿಸಿ 17,294 ಜೀನುಗಳ ಪ್ರೋಟೀನು ಗುರುತಿಸಿದರು. ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟರು. ಅದೇ ವರ್ಷ ಸ್ಪೇನಿನ ಸಂಶೋಧಕರು ಅದರಲ್ಲಿ ತಪ್ಪು ಹುಡುಕಿದರು. ಮೂಗಿನಲ್ಲಿರಬೇಕಾದ ವಾಸನೆಯ ಪ್ರೋಟೀನುಗಳು ಬೇರೆ ಅಂಗಗಳಲ್ಲಿ ಕಾಣುವುದು ಹೇಗೆ ಎಂದು ಕೇಳಿದರು. ಬಯಲಿನಲ್ಲಿಟ್ಟ ಲೆಕ್ಕವಾದ್ದರಿಂದಲೇ ಕೇಳಲು ಸಾಧ್ಯವಾಯಿತು. ವಿಜ್ಞಾನ ಬೆಳೆಯುವುದು ಹೀಗೆ. ಇಷ್ಟು ದೊಡ್ಡ ಕೆಲಸ ನಮ್ಮ ವೈಟ್‌ಫೀಲ್ಡಿನಲ್ಲಿ ನಡೆಯಿತೆಂದು ಇಲ್ಲಿ ಕುಳಿತ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಿ ನೋಡೋಣ!

10,000 ಭಾರತೀಯರ ಜೀನ್ ಪುಸ್ತಕ ಓದಿದ ಜೀನೋಮ್ ಇಂಡಿಯಾ ಯೋಜನೆಗೆ ಮುಂದಾಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದರು. ಅದೇ ವರ್ಷ ಭಾರತವೂ ಸೇರಿ ಏಷ್ಯಾದ 5 ದೇಶಗಳ 619 ಆರೋಗ್ಯವಂತರ ರೋಗನಿರೋಧಕ ಕೋಶಗಳ ನಕ್ಷೆ ಪ್ರಕಟವಾಯಿತು. ಅದು ರಕ್ತದ್ದು ಮಾತ್ರ. ಪುಸ್ತಕ ಸಿಕ್ಕಿತು, ಒಂದು ಬೀದಿಯ ಪ್ರೆಸ್ಸಿನ ಲೆಕ್ಕ ಸಿಕ್ಕಿತು. ಮೈಯೆಂಬ ಇಡೀ ಊರಿನ ಲೆಕ್ಕ ಬಾಕಿ ಇದೆ.

ಕೇಳುವವರು ಯಾವ ಭಾಷೆಯಲ್ಲಿ ಕೇಳುತ್ತಾರೆ?

ಆ ಲೆಕ್ಕ ಬರಬೇಕಾದರೆ ನಮ್ಮ ಜನ ಮೈಯ ಚೂರು ಕೊಡಬೇಕು. ಕೊಡಿ ಎಂದು ಯಾರಾದರೂ ಬಂದು ಕೇಳಬೇಕು. ಸಾಗರದ ಕೂಲಿ ಹೆಂಗಸನ್ನು, ಬೆಟ್ಟದ ಸೋಲಿಗನನ್ನು, ಪೀಣ್ಯದ ಕಾರ್ಮಿಕನನ್ನು ಯಾವ ಭಾಷೆಯಲ್ಲಿ ಕೇಳುತ್ತೀರಿ? ಹೇಳಿ!

ಇದು ನಾನು ಕಟ್ಟಿದ ಬೇಡಿಕೆಯಲ್ಲ. ಸಂಶೋಧನೆಗೆ ಒಪ್ಪಿಗೆ ಕೇಳುವಾಗ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿ ಸೂತ್ರಗಳೇ ಹೇಳುತ್ತವೆ. ಅಂದರೆ ಕನ್ನಡ ಇಲ್ಲಿ ಅಭಿಮಾನದ ಮಾತಾಗಿ ಉಳಿದಿಲ್ಲ, ಹಕ್ಕಾಗಿದೆ. ಆ ಹಕ್ಕು ಕಾಗದದ ಮೇಲೆ ಹೇಗೆ ಇಳಿಯುತ್ತದೆ ಎಂಬುದನ್ನು ನನ್ನ ಪ್ರೆಸ್ಸಿನಲ್ಲಿ ನೋಡಿದ್ದೇನೆ. ಒಮ್ಮೆ ಅಚ್ಚಿಗೆ ಬಂದ ಸಮ್ಮತಿ ಪತ್ರದಲ್ಲಿ ‘ಅಂಗಾಂಶ ಮಾದರಿಗಳ ಸಂಗ್ರಹಣೋತ್ತರ ಅನಾಮಿಕೀಕೃತ ದತ್ತಾಂಶ ವಿನಿಮಯಕ್ಕೆ ಸಮ್ಮತಿಸಿರುತ್ತೇನೆ’ ಎಂದಿತ್ತು. ಡಿಟಿಪಿ ಮಾಡುವ ಹುಡುಗಿ ಮೂರು ಸಲ ಓದಿ, ‘ಸಾರ್, ಇದು ಕನ್ನಡವೇ?’ ಎಂದಳು. ಲಿಪಿ ಕನ್ನಡ, ಅರ್ಥ ಯಾರದ್ದೂ ಅಲ್ಲ. ಇಂಥದ್ದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯೇ?

ಅದನ್ನೇ ಹೀಗೆ ಬರೆಯಬಹುದು: ‘ಆಪರೇಷನ್ನಿನಲ್ಲಿ ನಿಮ್ಮ ಮೈಯಿಂದ ತೆಗೆದ ಚೂರಿನಲ್ಲಿ ಸ್ವಲ್ಪವನ್ನು ಸಂಶೋಧನೆಗೆ ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಯಾವ ಜೀನು ಎಷ್ಟು ದುಡಿಯುತ್ತಿದೆ ಎಂದು ಎಣಿಸುತ್ತೇವೆ. ನಿಮ್ಮ ಹೆಸರು, ವಿಳಾಸ ತೆಗೆದುಹಾಕಿ ಆ ಲೆಕ್ಕವನ್ನು ಬೇರೆ ವಿಜ್ಞಾನಿಗಳಿಗೂ ಕೊಡುತ್ತೇವೆ. ಇದರಿಂದ ನಿಮಗೆ ನೇರ ಲಾಭ ಆಗದೇ ಇರಬಹುದು. ಬೇಡ ಎಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ. ಇಂದು ಒಪ್ಪಿ ನಾಳೆ ಬೇಡ ಎನ್ನಬಹುದು.’ ಇದರಲ್ಲಿ ಅರ್ಥವಾಗದ್ದು ಏನಿದೆ? ಇದನ್ನು ಓದಿ ‘ಆಗಲಿ’ ಎನ್ನುವವಳೂ ತಿಳಿದು ಹೇಳುತ್ತಾಳೆ, ‘ಬೇಡ’ ಎನ್ನುವವಳೂ ತಿಳಿದು ಹೇಳುತ್ತಾಳೆ. ಜಿಟೆಕ್ಸ್ ಕೂಡ ಎಲ್ಲವನ್ನೂ ಬೀದಿಗೆ ಹಾಕಿಲ್ಲ. ದುಡಿಮೆಯ ಲೆಕ್ಕ ಬಯಲಿನಲ್ಲಿದೆ, ಒಬ್ಬೊಬ್ಬ ದಾನಿಯ ಜೀನ್ ಅಕ್ಷರಗಳ ವಿವರ ಬೀಗದೊಳಗಿದೆ. ನಮ್ಮವರು ಆ ಬೀಗದ ಬಗ್ಗೆಯೂ ಕೇಳಬೇಕು. ಕೇಳಲು ಮಾತು ಬೇಕು.

ನಿಮ್ಮಿಂದ ಆಗಬೇಕಾದ್ದು

‘ವಿಜ್ಞಾನಕ್ಕೆ ಇಂಗ್ಲಿಷೇ ಬೇಕು’ ಎನ್ನುವವರು ನಿಮ್ಮ ಆಫೀಸಿನಲ್ಲೂ ಇದ್ದಾರೆ. ಇಂಗ್ಲಿಷ್ ಕಲಿಯಿರಿ, ಬೇಡ ಎಂದವರಾರು? ಎಚ್‌ಬಿಬಿ ಎಂಬ ಹೆಸರು ಜಪಾನಿನಲ್ಲೂ ಎಚ್‌ಬಿಬಿ, ಜೋಯಿಡಾದಲ್ಲೂ ಎಚ್‌ಬಿಬಿ. ಹೆಸರು ಅದೇ ಇರಲಿ, ವಿವರಣೆ ಕನ್ನಡದಲ್ಲಿ ಬರಲಿ. ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಕನ್ನಡದಲ್ಲೇ ಬರೆದರು. ಗೋಕಾಕ್ ಚಳವಳಿಯ 1982ರಲ್ಲಿ ನಮ್ಮ ಹಿರಿಯರು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಜಾಗ ಕೇಳಿ ಬೀದಿಗಿಳಿದರು. ಇಂದು ಆಸ್ಪತ್ರೆ ಮತ್ತು ಪ್ರಯೋಗಾಲಯದ ಬಾಗಿಲಲ್ಲಿ ಕೇಳುವ ಸರದಿ ನಿಮ್ಮದು.

ಹೇಗೆ? ಐದೈದು ಜನ ಗುಂಪು ಕಟ್ಟಿ. ಒಬ್ಬರಾದರೂ ಜೀವಶಾಸ್ತ್ರ ಓದಿದವರಿರಲಿ, ಒಬ್ಬರಾದರೂ ಕಂಪ್ಯೂಟರಿನವರಿರಲಿ. ವಾರಕ್ಕೆ ಒಂದು ಜೀನು. ನಕ್ಷೆ ತೆರೆಯಿರಿ, ಯಾವ ಅಂಗದಲ್ಲಿ ದುಡಿಯುತ್ತದೆ ನೋಡಿ, ಎರಡು ನಕ್ಷೆ ಹೋಲಿಸಿ, ಒಂದು ಪುಟ ಕನ್ನಡದಲ್ಲಿ ಬರೆಯಿರಿ. ಬಲ್ಲವರಿಗೆ ತೋರಿಸಿ ತಿದ್ದಿಸಿ. ಒಂದು ಎಚ್ಚರ: ಈ ನಕ್ಷೆ ನಿಮ್ಮ ಮೈಯ ರಿಪೋರ್ಟ್ ಅಲ್ಲ. ಇದನ್ನು ನೋಡಿ ಯಾರಿಗೂ ಕಾಯಿಲೆ ಹೇಳಬೇಡಿ, ಔಷಧಿ ಹೇಳಬೇಡಿ. ಎರಡನೆಯದು, ನಿಮ್ಮ ಊರಿನ ಆಸ್ಪತ್ರೆಗೆ ಹೋಗಿ ಸಂಶೋಧನೆಯ ಸಮ್ಮತಿ ಪತ್ರದ ಕನ್ನಡ ಪ್ರತಿ ಕೇಳಿ. ಜಗಳ ಬೇಡ, ಓದಿ. ನಿಮ್ಮ ಅಜ್ಜಿಗೆ ಅರ್ಥವಾಗದಿದ್ದರೆ ತಿದ್ದಿ ಬರೆದು, ಸಹಿ ಹಾಕಿ, ಅಲ್ಲಿನ ನೀತಿ ಸಮಿತಿಗೆ ಕೊಟ್ಟು ಬನ್ನಿ.

ನೀವು ಬರೆದ ಪುಟಗಳನ್ನು ತಂದುಕೊಡಿ. 50 ಪುಟ ಆದೊಡನೆ ಒಂದು ಪುಸ್ತಕವಾಗಿ ನಾನು ಅಚ್ಚು ಹಾಕಿಸುತ್ತೇನೆ, ಕಾಗದದ ಖರ್ಚೂ ನನ್ನದೇ. ಅದು ಸಾಗರದ ಆಸ್ಪತ್ರೆಯ ಬೆಂಚಿನ ಮೇಲೆ, ಬೆಟ್ಟದ ಶಾಲೆಯ ಕಪಾಟಿನಲ್ಲಿ ಇರಲಿ. ನಾಳೆ ಯಾರೋ ಬಂದು ನಮ್ಮವರ ಮೈಯ ಚೂರು ಕೇಳಿದಾಗ, ‘ಯಾಕೆ, ಏನು ಎಣಿಸುತ್ತೀರಿ, ಲೆಕ್ಕ ಯಾರಿಗೆ ಕೊಡುತ್ತೀರಿ?’ ಎಂದು ಅವರು ಕನ್ನಡದಲ್ಲಿ ಕೇಳಲಿ. ಕೇಳಿ, ತಿಳಿದು, ಒಪ್ಪಿದರೆ ಆ ನಕ್ಷೆಯಲ್ಲಿ ಸೋಲಿಗನೂ ಇರುತ್ತಾನೆ, ಹಂದಿಗೋಡಿನವಳೂ ಇರುತ್ತಾಳೆ.

ಕೆಲಸ ಈ ಭಾನುವಾರವೇ ಶುರುವಾಗಲಿ. ಜೈ ಕರ್ನಾಟಕ!